ಅಪ್ಪನಿಗಿಲ್ಲದ ಸರ್‌ನೇಮ್, ಮಾರ್ಟಿನ್‌ಗೆ ಬಾರದ ಒಟಿಪಿ

ಮ್ಯೂನಿಕ್‌ನಲ್ಲಿ ಸಿಮ್ ಕೊಳ್ಳುವುದು ಕಷ್ಟವೇ ಅಲ್ಲ. ಹಾಲು, ಬ್ರೆಡ್ಡು ಮಾರುವ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಸಿಮ್ ಪೊಟ್ಟಣಗಳು ನೇತಾಡುತ್ತಿರುತ್ತವೆ. ಹತ್ತು ಯೂರೋ ಕೊಟ್ಟರೆ ಆಯಿತು, ಯಾರೂ ಹೆಸರು ಕೇಳುವುದಿಲ್ಲ. ಆ ಚೂರಿಗೆ ಜೀವ ಬರಬೇಕು ಎಂದಾಗ ಶುರುವಾಗುತ್ತದೆ ವಿಚಾರಣೆ: ನೀನು ಯಾರು, ಯಾರ ಪೈಕಿ, ಎಲ್ಲಿ ಇಳಿದುಕೊಂಡಿದ್ದೀಯೆ? ಮೈಸೂರಿನಿಂದ ಬಂದ ಅಪ್ಪನಿಗೆ ಇಲ್ಲಿ, ಇಲ್ಲಿಂದ ಹೋದ ಸಹೋದ್ಯೋಗಿ ಮಾರ್ಟಿನ್‌ಗೆ ಅಲ್ಲಿ ಸಿಮ್ ಮಾಡಿಸಿದ ಮೇಲೆ ನನಗೆ ಅನ್ನಿಸಿದ್ದಿಷ್ಟು. ಜರ್ಮನಿ ಕೇಳುವುದು ಕಾಗದವನ್ನು, ನಮ್ಮವರು ಕೇಳುವುದು ಆಸಾಮಿಯನ್ನು ಬಲ್ಲವರನ್ನು.

ಸಿಮ್ ಹುಟ್ಟಿದ್ದೂ ಇದೇ ಊರಿನಲ್ಲಿ. ನೋಟು ಮುದ್ರಣಕ್ಕೆ ಹೆಸರಾದ ಗೀಸೆಕೆ ಆಂಡ್ ಡೆವ್ರಿಯೆಂಟ್ ಎಂಬ ಮ್ಯೂನಿಕ್ ಕಂಪನಿ 1991ರಲ್ಲಿ ಮೊದಲ 300 ಕಾರ್ಡುಗಳನ್ನು ಮಾಡಿ ಫಿನ್ಲೆಂಡಿನ ರೇಡಿಯೋಲಿನ್ಯಾ ಕಂಪನಿಗೆ ಮಾರಿತು. ಮೈಸೂರಿನ ಮೇಟಗಳ್ಳಿಯ ನೋಟು ಮುದ್ರಣಾಲಯದ ಗೋಡೆ ನೋಡುತ್ತ ಬೆಳೆದ ನನಗೆ ಈ ನಂಟು ಇಷ್ಟವಾಯಿತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗಿನ್ನೂ ಕುವೆಂಪುನಗರದ ನಮ್ಮ ಬೀದಿಯವರೆಲ್ಲ ಎಸ್‌ಟಿಡಿ ಬೂತಿನ ಮುಂದೆ ರಾತ್ರಿಯ ಅಗ್ಗದ ದರಕ್ಕೆ ಕಾಯುತ್ತಿದ್ದರು.

ಅಪ್ಪನ ವಿಷಯಕ್ಕೆ ಬರುತ್ತೇನೆ. 2017ರ ಜುಲೈ 1ರಿಂದ ಜರ್ಮನಿಯಲ್ಲಿ ಗುರುತು ದೃಢಪಡಿಸದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಅದರ ಹಿಂದಿನ ವರ್ಷ ಬಂದ ಭಯೋತ್ಪಾದನಾ ನಿಗ್ರಹ ಕಾನೂನಿನ ಫಲ ಅದು. ಮನೆಯಲ್ಲೇ ಕುಳಿತು ವಿಡಿಯೋ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸಬಹುದು, ಇಲ್ಲವೇ ಅಂಚೆ ಕಚೇರಿಗೆ ಹೋಗಬಹುದು, ಇಲ್ಲವೇ ಫೋನ್ ಅಂಗಡಿಯಲ್ಲಿ ಖುದ್ದಾಗಿ ಮಾಡಿಸಬಹುದು. ವಿಡಿಯೋ ಸುಲಭ ಎಂದುಕೊಂಡೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕಿಟಕಿಯ ಬೆಳಕಿಗೆ ಕುಳಿತರು. ಆ ಕಡೆಯ ಹುಡುಗಿ ಪಾಸ್‌ಪೋರ್ಟನ್ನು ಆಚೆ ಈಚೆ ವಾಲಿಸಿ, ಹೊಳೆಯುವ ಗುರುತು ಕಾಣಲಿ ಎಂದಳು. ವಾಲಿಸಿದರು. ಆಮೇಲೆ ಆಕೆ ಸುಮ್ಮನಾದಳು.

ತೊಡಕು ಹೆಸರಿನದು. ಅಪ್ಪನ ಪಾಸ್‌ಪೋರ್ಟಿನಲ್ಲಿ ಇರುವುದು ಪುಟ್ಟಸ್ವಾಮಿ ಎಂಬ ಒಂದೇ ಹೆಸರು, ಸರ್‌ನೇಮ್ ಕಾಲಂ ಖಾಲಿ. ನಮ್ಮ ಮೈಸೂರು, ಮಂಡ್ಯದ ಕಡೆ ಹೆಸರಿನ ಹಿಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆಯೇ ಹೊರತು ಮನೆತನದ ಹೆಸರು ಹಿಂಬಾಲಿಸುವುದಿಲ್ಲ. ಜರ್ಮನ್ ಅರ್ಜಿಗೆ ಎರಡು ಕಾಲಂ, ಎರಡೂ ತುಂಬಲೇಬೇಕು. ಎರಡರಲ್ಲೂ ಪುಟ್ಟಸ್ವಾಮಿ ಎಂದೇ ತುಂಬಿದ್ದೆ. ಪಾಸ್‌ಪೋರ್ಟಿನಲ್ಲಿ ಒಂದು ಸಲ, ಅರ್ಜಿಯಲ್ಲಿ ಎರಡು ಸಲ ಇದೆ, ಹೊಂದುತ್ತಿಲ್ಲ ಎಂದು ಆಕೆ ಬಹಳ ವಿನಯದಿಂದ ಕರೆ ಮುಗಿಸಿದಳು. ಅಪ್ಪನಿಗೆ ರೇಗಿತು. "ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದೆ, ಪಿಂಚಣಿ ಬರುತ್ತಿದೆ. ಒಂದು ದಿನ ಯಾರಾದರೂ ನನ್ನ ಹೆಸರು ಅರ್ಧ ಇದೆ ಎಂದರೇನೋ?"

ಮರುದಿನ ರೈಲು ನಿಲ್ದಾಣದ ಹತ್ತಿರ ಗೋಥೆ ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಸಾಲಾಗಿ ತುರ್ಕರ, ಅರಬರ, ಆಫ್ರಿಕನ್ನರ ಅಂಗಡಿಗಳು. ವಲಸಿಗರ ಕಷ್ಟ ಸುಖವೆಲ್ಲ ಆ ಬೀದಿಗೆ ಗೊತ್ತು. ಫೋನ್ ಅಂಗಡಿಯವನು ಪಾಸ್‌ಪೋರ್ಟ್ ತೆರೆದು, ಖಾಲಿ ಕಾಲಂ ನೋಡಿ, "ಇಂಡೋನೇಷ್ಯಾದವರದೂ ಹೀಗೇ" ಎಂದ. ಪುಟದ ಬುಡದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲನ್ನು ಯಂತ್ರಕ್ಕೆ ತೋರಿಸಿದ, ನಮ್ಮ ಮನೆಯ ವಿಳಾಸ ಬರೆದುಕೊಂಡ. ನಾವು ಟ್ರಾಮ್ ಹತ್ತುವಷ್ಟರಲ್ಲಿ ಸಿಗ್ನಲ್ ಬಂದಿತ್ತು.

ಮಕ್ಕಳ ಮನೆಗೆ ಹೊರಟಿರುವ ಹಿರಿಯರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದೇ ಹೇಳಿತು. ಸಿಮ್ ಹಾಗಿರಲಿ, ದುಬೈ ಮಾರ್ಗವಾಗಿ ಬರುವಾಗ ಒಂದೆರಡು ದಿನ ಊರು ನೋಡಿಕೊಂಡು ಬರೋಣ ಎನ್ನುವವರಿಗೂ ಇದು ಅಡ್ಡ ಬರಬಹುದು. ಪಾಸ್‌ಪೋರ್ಟ್ ನವೀಕರಿಸುವಾಗಲೇ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಕಾಲಂಗೆ ಸೇರಿಸಿಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ಜರ್ಮನಿಯ ಸಿಮ್ 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಯಾವ ದೇಶಕ್ಕೆ ಹೋದರೂ ಮನೆಯ ದರದಲ್ಲೇ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಮಾತ್ರ ಆ ಒಕ್ಕೂಟದಲ್ಲಿಲ್ಲ. ನಮ್ಮವರೆಲ್ಲ ಮೊದಲು ಓಡುವುದೇ ಅಲ್ಲಿಗೆ, ಹಿಮದ ಮೇಲೆ ನಿಂತು ವಿಡಿಯೋ ಕರೆ ಮಾಡುವುದೂ ಅಲ್ಲಿಂದಲೇ! ಗಡಿ ದಾಟುವ ಮೊದಲು ಡೇಟಾ ರೋಮಿಂಗ್ ಆಫ್ ಮಾಡಿ. ಬ್ರಿಟನ್ನಿಗೆ ಹೋಗುವವರಿಗೆ ಈ ಯಾವ ರಗಳೆಯೂ ಇಲ್ಲ. ಅಲ್ಲಿ ಪ್ರೀಪೇಯ್ಡ್ ಸಿಮ್‌ಗೆ ಗುರುತಿನ ನೋಂದಣಿಯನ್ನೇ ಕೇಳುವುದಿಲ್ಲ.

ಈಗ ಮೈಸೂರು. ಮಾರ್ಟಿನ್ ಯೋಗ ಕಲಿಯಲು ಗೋಕುಲಂಗೆ ಹೊರಟ. ನನಗೆ ರಜೆ ಸಿಕ್ಕಿದ್ದರಿಂದ ಜೊತೆಗೆ ಹೋದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಸಿಮ್ ಕೌಂಟರ್ ಇದ್ದರೂ ಫ್ಲೈಬಸ್ ಹೊರಡುವ ಹೊತ್ತಾಗಿತ್ತು, ಊರಿನಲ್ಲೇ ಮಾಡಿಸಿದರಾಯಿತು ಎಂದೆ. ಚಿಕ್ಕಪ್ಪನ ಮನೆಯಲ್ಲಿ ಇಳಿದುಕೊಂಡೆವು. ಪರದೇಶದವರು ಮನೆಯಲ್ಲಿ ತಂಗಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಅರ್ಜಿಯನ್ನು ಸರ್ಕಾರಕ್ಕೆ ತುಂಬಿ ಕೊಡಬೇಕೆಂಬ ನಿಯಮ ಹೋಟೆಲಿಗಷ್ಟೇ ಅಲ್ಲ, ಮನೆಗಳಿಗೂ ಅನ್ವಯಿಸುತ್ತದೆ. ಚಿಕ್ಕಪ್ಪ ಅದನ್ನು ಕಾಫಿ ಕುಡಿಯುತ್ತಲೇ ಕಂಪ್ಯೂಟರಿನಲ್ಲಿ ತುಂಬಿ ಮುಗಿಸಿದರು.

ಸಿಮ್‌ಗೆ ಬಂದಾಗ ಅವರು ಆಡಿದ ಮಾತು ನೀವೂ ಕೇಳಿರುತ್ತೀರಿ. "ಅಯ್ಯೋ, ಅದಕ್ಕೇನು ಒದ್ದಾಟ? ನನ್ನ ಆಧಾರ್‌ನಲ್ಲಿ ಒಂದು ತೆಗೆದು ಕೊಟ್ಟುಬಿಡುತ್ತೇನೆ, ಬೆರಳು ಒತ್ತಿದರೆ ಐದು ನಿಮಿಷ." ಒಬ್ಬರ ಹೆಸರಿನಲ್ಲಿ ಒಂಬತ್ತು ಸಂಪರ್ಕದವರೆಗೆ ಅವಕಾಶವೂ ಇದೆ. ಆದರೆ ಈ ಔದಾರ್ಯ ನನಗೆ ಒಪ್ಪಿಗೆಯಿಲ್ಲ. ಆ ಸಂಖ್ಯೆಯಿಂದ ಏನೇ ಎಡವಟ್ಟಾದರೂ ಪೊಲೀಸರು ಹುಡುಕಿಕೊಂಡು ಬರುವುದು ಅರ್ಜಿಯಲ್ಲಿ ಹೆಸರಿರುವವರ ಮನೆಗೆ. 2023ರ ದೂರಸಂಪರ್ಕ ಕಾಯ್ದೆಯಂತೂ ಮೋಸದಿಂದ ಅಥವಾ ಬೇರೆಯವರ ಸೋಗಿನಲ್ಲಿ ಸಿಮ್ ಪಡೆದವರಿಗೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಅತಿಥಿಗೆ ಊಟ ಹಾಕಿ, ಹಾಸಿಗೆ ಕೊಡಿ, ಆಧಾರ್ ಕೊಡಬೇಡಿ. ಚಿಕ್ಕಪ್ಪನಿಗೆ ಇಷ್ಟು ಹೇಳುವಷ್ಟರಲ್ಲಿ, ಹೊರನಾಡಿಗೆ ಹೋಗಿ ನೀನು ವಕೀಲನಾದೆ ಎಂದು ಬೈಸಿಕೊಂಡೆ.

ಪೇಟೆಯ ಮೊದಲ ಅಂಗಡಿಯವರು, "ಸಾರ್, ಫಾರಿನ್ನವರದು ನಾವು ಮಾಡುವುದಿಲ್ಲ" ಎಂದು ಮುಖಕ್ಕೆ ಹೇಳಿದರು. ಅವರನ್ನು ದೂರುವುದಿಲ್ಲ. ಆಧಾರ್ ಗಿರಾಕಿ ಐದು ನಿಮಿಷದಲ್ಲಿ ಮುಗಿಯುವಾಗ ಅಷ್ಟೇ ಕಮಿಷನ್ನಿಗೆ ಮುಕ್ಕಾಲು ಗಂಟೆ ಯಾರು ಕುಳಿತಾರು? ಗೋಕುಲಂನಲ್ಲಿ ಹಾಗಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಲೋಕದ ಮೂಲೆಮೂಲೆಯಿಂದ ಜನ ಬಂದು ತಿಂಗಳುಗಟ್ಟಲೆ ಉಳಿಯುವ ಬಡಾವಣೆ ಅದು, ಅಂಗಡಿಯ ಹುಡುಗನಿಗೆ ವೀಸಾದ ಬಗೆಗಳೆಲ್ಲ ಬಾಯಿಪಾಠ. ಪಾಸ್‌ಪೋರ್ಟಿನ ಮುಖಪುಟ, ಇ-ವೀಸಾದ ಮುದ್ರಿತ ಪ್ರತಿ, ಬೆಂಗಳೂರಿನಲ್ಲಿ ಹಾಕಿದ ಆಗಮನದ ಮೊಹರು, ಎಲ್ಲವನ್ನೂ ತನ್ನ ಮೊಬೈಲಿನಲ್ಲಿ ಹಿಡಿದ. 2024ರ ಜನವರಿ 1ರಿಂದ ಕಾಗದದ ಅರ್ಜಿ ನಿಂತುಹೋಗಿದೆ, ಅಂಟಿಸುವ ಫೋಟೋ ಬೇಕಿಲ್ಲ. ಆದರೆ ಅಂಗಡಿಯಲ್ಲೇ ನಿಲ್ಲಿಸಿ ತೆಗೆಯುವ ಚಿತ್ರದ ಹಿಂದೆ ಬಿಳಿ ಗೋಡೆ ಬೇಕು. ಆ ಅಂಗಡಿಯಲ್ಲಿ ರೀಚಾರ್ಜ್ ಜಾಹೀರಾತು ಅಂಟದ ಗೋಡೆ ಒಂದಡಿಯೂ ಇರಲಿಲ್ಲ. ಕೊನೆಗೆ ಪಕ್ಕದ ಜೆರಾಕ್ಸ್ ಅಂಗಡಿಯ ಅಜ್ಜ ಎ-ತ್ರೀ ಹಾಳೆಯೊಂದನ್ನು ಮಾರ್ಟಿನ್‌ನ ತಲೆಯ ಹಿಂದೆ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಆರಡಿ ಮೂರಂಗುಲದ ಮಾರ್ಟಿನ್ ಮಂಡಿ ಬಗ್ಗಿಸಿ ನಿಂತ. ಚಿತ್ರದ ಮೂಲೆಯಲ್ಲಿ ಹೊತ್ತು, ಜಾಗದ ಅಕ್ಷಾಂಶ ರೇಖಾಂಶ ದಾಖಲಾದವು. ಅಜ್ಜನ ಹೆಬ್ಬೆರಳೂ ದಾಖಲಾಗಿರಬೇಕು.

ಆಮೇಲೆ ಬಂತು ನಿಜವಾದ ಪ್ರಶ್ನೆ. "ಇವರಿಗೆ ಊರಿನಲ್ಲಿ ಯಾರು ಗೊತ್ತು ಸಾರ್? ಒಟಿಪಿ ಅವರ ನಂಬರಿಗೆ ಹೋಗುತ್ತದೆ." ಅಂದರೆ ಭಾರತದ ಸಂಖ್ಯೆ ಪಡೆಯಲು ಭಾರತದ ಸಂಖ್ಯೆ ಇರುವವರೊಬ್ಬರು ಬೇಕಿತ್ತು. ನನ್ನ ಹಳೆಯ ಸಂಖ್ಯೆ ಬಳಸದೆ ಬಿಟ್ಟು ಎಂದೋ ಕಳೆದುಹೋಗಿತ್ತು, ನನ್ನ ಜರ್ಮನ್ ಸಂಖ್ಯೆಯನ್ನು ಆ ಆ್ಯಪ್ ಒಪ್ಪಲಿಲ್ಲ. ಚಿಕ್ಕಪ್ಪನಿಗೆ ಕರೆ ಮಾಡಿದೆವು. ಅವರು ಕನ್ನಡಕ ಹುಡುಕಿ, ಬ್ಯಾಂಕಿನ ಹೆಸರಿನಲ್ಲಿ ಒಟಿಪಿ ಕೇಳುವ ಕಳ್ಳರ ಬಗ್ಗೆ ಸಣ್ಣ ಭಾಷಣ ಮಾಡಿ, ನನ್ನ ದನಿಯೇ ಹೌದೆಂದು ಖಾತರಿಪಡಿಸಿಕೊಂಡು ಅಂಕಿ ಹೇಳುವಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಂದು ತರಿಸಿದೆವು.

ಮಾರ್ಟಿನ್‌ಗೆ ಇದೆಲ್ಲ ಸೋಜಿಗ. ಅವನ ದೇಶದಲ್ಲಿ ಕಾಗದ ಸರಿಯಿದ್ದರೆ ಯಾರ ಹಂಗೂ ಬೇಡ, ಸರಿಯಿಲ್ಲದಿದ್ದರೆ ಯಾರ ಶಿಫಾರಸೂ ನಡೆಯದು. ಇಲ್ಲಿ ಕಾಗದದ ಜೊತೆಗೆ ಒಬ್ಬ ಚಿಕ್ಕಪ್ಪ ಬೇಕಾಯಿತು. ಯಾರ ಪರಿಚಯವೂ ಇಲ್ಲದೆ ಒಂಟಿಯಾಗಿ ಬಂದಿಳಿಯುವ ಪ್ರವಾಸಿ ಹೋಟೆಲಿನವರ ಕೈಕಾಲು ಹಿಡಿಯಬೇಕಾದರೆ, ಅದು ನನಗೆ ಸರಿ ಕಾಣುವುದಿಲ್ಲ. ಕಾನೂನು ಬಿಗಿ ಇರಲಿ, ವಿಮಾನ ನಿಲ್ದಾಣದಲ್ಲಿ ಮೊಹರು ಒತ್ತಿದ ಸರ್ಕಾರವೇ ಆತನಿಗೆ ಸಾಕ್ಷಿಯಾಗಬಾರದೇ?

ಸಾಯಂಕಾಲ ಸಿಮ್ ಚಾಲೂ ಆಯಿತು. ಹತ್ತಂಕಿಯ ಸಂಖ್ಯೆ ಸಿಕ್ಕ ಖುಷಿಯಲ್ಲಿ ಮಾರ್ಟಿನ್ ಎಳನೀರಿನವರ ಕ್ಯೂಆರ್ ಫಲಕಕ್ಕೆ ಫೋನ್ ಹಿಡಿದ. ಯುಪಿಐಗೆ ಸಂಖ್ಯೆಯಷ್ಟೇ ಸಾಲದು, ಹಿಂದೆ ಇಲ್ಲಿನ ಬ್ಯಾಂಕ್ ಖಾತೆಯೂ ಇರಬೇಕು. ವಿದೇಶಿ ಪ್ರವಾಸಿಗರಿಗೆಂದು 2023ರ ಜಿ-20 ಹೊತ್ತಿನಲ್ಲಿ ಯುಪಿಐ ಒನ್ ವರ್ಲ್ಡ್ ಎಂಬ ವ್ಯಾಲೆಟ್ ಬಂದಿದೆ, ಅವನು ಅದನ್ನು ಮಾಡಿಸಿಕೊಂಡಿರಲಿಲ್ಲ. ಎಳನೀರಿನ ದುಡ್ಡು ಚಿಲ್ಲರೆಯಲ್ಲೇ ಸಂದಾಯವಾಯಿತು.

ವಿದೇಶಿಯರ ಸಂಪರ್ಕ ವೀಸಾ ಅವಧಿಯವರೆಗೆ ಮಾತ್ರ. ಅವನದು ಮೂವತ್ತು ದಿನಗಳ ಇ-ವೀಸಾ, ಸಂಖ್ಯೆಗೂ ಅಷ್ಟೇ ಆಯುಸ್ಸು. ಆದರೆ ಅರ್ಜಿಯಲ್ಲಿ ಪರ್ಯಾಯ ಸಂಖ್ಯೆ ಎಂದು ಚಿಕ್ಕಪ್ಪನ ಮೊಬೈಲ್ ಉಳಿದುಕೊಂಡಿದೆ. ಮೊನ್ನೆ ಅವರದೇ ಕರೆ: "ನಿನ್ನ ಸ್ನೇಹಿತರದು ಪ್ಯಾಕ್ ಮುಗಿದಿದೆಯಂತೆ ಕಣಪ್ಪ, ಕಂಪನಿಯವರು ನನಗೆ ಫೋನ್ ಮಾಡುತ್ತಿದ್ದಾರೆ. ರೀಚಾರ್ಜ್ ಮಾಡಿಸುತ್ತಾರೋ ಇಲ್ಲವೋ ಕೇಳಿ ಹೇಳು."