ಕಾಜು ಕುಂಟ್ತಾ ಇದ್ಲು, ಕಾರಣ ಇನ್ನೂ ಸಿಕ್ಕಿಲ್ಲ

ಬೆಕ್ಕು ತನ್ನ ನೋವನ್ನ ಮುಚ್ಚಿಡತ್ತೆ ಅನ್ನೋದು ಬೆಕ್ಕು ಸಾಕಿದವರಿಗೆಲ್ಲ ಗೊತ್ತು, ಆದ್ರೆ ಎಷ್ಟರ ಮಟ್ಟಿಗೆ ಮುಚ್ಚಿಡತ್ತೆ ಅಂತ ನಂಗೆ ಸರಿಯಾಗಿ ಅರ್ಥ ಆಗಿದ್ದು ಈ ಮಳೆಗಾಲದಲ್ಲಿ. ನಮ್ಮ ಕಾಜುಗೆ ಆರು ವರ್ಷ, ಮುಂಬೈನ ಮುಲುಂಡ್‌ನಲ್ಲಿರೋ ನಮ್ಮ ಬಿಲ್ಡಿಂಗ್ ಕಾಂಪೌಂಡಲ್ಲೇ ಮರಿಯಾಗಿ ಸಿಕ್ಕವಳು, ಈಗ ಮನೆ ಬಿಟ್ಟು ಹೊರಗೆ ಹೋಗಲ್ಲ. ಒಂದು ಬೆಳಿಗ್ಗೆ ಎಡ ಮುಂಗಾಲು ಎತ್ತಿಕೊಂಡೇ ಅಡುಗೆಮನೆಗೆ ಬಂದ್ಲು. ಕೂಗಲಿಲ್ಲ, ಏನಿಲ್ಲ, ಬೇಯಿಸಿಟ್ಟ ಬಂಗುಡೆ ಪೂರ್ತಿ ತಿಂದು ಮುಖ ಒರೆಸಿಕೊಂಡ್ಲು, ಆದ್ರೆ ಮುಖ ಒರೆಸೋಕೆ ಬರೀ ಬಲಗೈ, ಎಡಗಾಲಿನ ತುದಿ ನೆಲಕ್ಕೆ ಸುಮ್ನೆ ತಾಗಿಸಿಟ್ಟಿದ್ಲು, ಭಾರ ಹಾಕ್ತಾನೇ ಇರ್ಲಿಲ್ಲ.

ತೊಡೆ ಮೇಲೆ ಕೂರಿಸಿಕೊಂಡು ಮೊದಲು ಚೆನ್ನಾಗಿರೋ ಕಾಲು ಮುಟ್ಟಿದೆ, ಆಮೇಲೆ ನೋವಿರೋ ಕಾಲು. ಈ ಕ್ರಮ ಮುಖ್ಯ, ಯಾಕಂದ್ರೆ ಸುಮ್ನೆ ಮುಟ್ಟಿಸಿಕೊಳ್ಳೋಕೆ ಇಷ್ಟ ಇಲ್ಲದೆ ಎಳ್ಕೋತಾಳಾ, ನೋವಾಗಿ ಎಳ್ಕೋತಾಳಾ ಅಂತ ಗೊತ್ತಾಗ್ಬೇಕಲ್ಲ. ಬೆರಳುಗಳ ಸಂದಿ ನೋಡಿದೆ, ಪಾದದಡಿಯ ಮೆತ್ತೆಗೆ ಗಾಜೋ ಮೀನಿನ ಮುಳ್ಳೋ ಚುಚ್ಚಿದ್ಯಾ ನೋಡಿದೆ, ಉಗುರು ಒಂದೊಂದಾಗಿ ಒತ್ತಿ ನೋಡಿದೆ, ಅದರಲ್ಲೂ ಒಳಪಕ್ಕದ ಹೆಬ್ಬೆರಳಿನ ಉಗುರು, ಅದು ನೆಲಕ್ಕೆ ತಾಗದೆ ಸವೆಯಲ್ಲ, ಹಾಗೇ ಬಿಟ್ರೆ ಸುತ್ತಿಕೊಂಡು ಚರ್ಮಕ್ಕೇ ನೆಡತ್ತೆ. ಏನೂ ಇಲ್ಲ. ಬಾವಿಲ್ಲ, ಬಿಸಿ ಇಲ್ಲ, ಗಾಯ ಇಲ್ಲ. ಭುಜದ ಹತ್ರ ಕೈ ಹೋದಾಗ ಮಾತ್ರ ಕಿವಿ ಹಿಂದಕ್ಕೆ ಮಡಚಿದ್ಲು, ಅಷ್ಟೇ.

ಅಷ್ಟರಲ್ಲಿ ಸಲಹೆಗಳು ಶುರು. ಊರಿಂದ ಅಮ್ಮ ಫೋನಲ್ಲಿ ಅರಿಶಿನ ಎಣ್ಣೆ ಹಚ್ಚು ಅಂದ್ರು, ಕೆಳಗಿನ ಮನೆ ಕಾಕೂ ಕ್ರೋಸಿನ್ ಕಾಲು ಗುಳಿಗೆ ಹಾಲಲ್ಲಿ ಕೊಡು ಅಂದ್ರು. ಅವರಿಗೂ ಕಾಜು ಅಂದ್ರೆ ಪ್ರಾಣ, ಒಳ್ಳೆ ಮನಸ್ಸಿಂದಾನೇ ಹೇಳಿದ್ದು. ಆದ್ರೆ ದಯವಿಟ್ಟು ಈ ಕ್ರೋಸಿನ್ ಕೊಡೋದೊಂದು ಮಾತ್ರ ಯಾರೂ ಮಾಡ್ಬೇಡಿ. ಕ್ರೋಸಿನ್ ಅಂದ್ರೆ ಪ್ಯಾರಾಸಿಟಮಾಲೇ, ಅದನ್ನ ಅರಗಿಸಿ ಹೊರಗೆ ಹಾಕೋ ಕೆಲಸ ನಮ್ಮ ಲಿವರ್ ಮಾಡೋ ಹಾಗೆ ಬೆಕ್ಕಿನ ಲಿವರ್‌ಗೆ ಮಾಡೋಕಾಗಲ್ಲ, ಅದು ವಿಷವಾಗಿ ರಕ್ತದ ಕೆಂಪುಕಣಗಳನ್ನೇ ಕೆಡಿಸತ್ತೆ, ಆಮ್ಲಜನಕ ಹೊರೋ ಶಕ್ತಿ ಹೋಗತ್ತೆ, ವಸಡು ಕಂದುಬಣ್ಣಕ್ಕೆ ತಿರುಗತ್ತೆ, ಉಸಿರು ಕಟ್ಟತ್ತೆ, ಒಂದು ಗುಳಿಗೆ ಸಾಕು ಬೆಕ್ಕು ಸಾಯೋಕೆ. ಬ್ರುಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ಮೂವ್, ವೋಲಿನಿ ಥರದ್ದು ಹಚ್ಚೋದೂ ಬೇಡ, ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೇ ಹೋಗತ್ತೆ. ಕಾಕೂಗೆ ಇದನ್ನ ನನ್ನ ಅರ್ಧಂಬರ್ಧ ಮರಾಠಿಯಲ್ಲಿ ಕೂತು ಹೇಳಿದೆ, ಅವರು ಗಾಬರಿಯಾಗಿ ತಮ್ಮ ಅಕ್ಕನಿಗೂ ಫೋನ್ ಮಾಡಿ ಹೇಳಿದ್ರು.

ಡಾಕ್ಟರ್ ಹತ್ರ ಹೋದಾಗ ನೋಡಿ, ಕ್ಯಾರಿಯರ್‌ನಿಂದ ಇಳಿದವಳು ಟೇಬಲ್ ಮೇಲೆ ನಾಲ್ಕೂ ಕಾಲೂರಿ ನೆಟ್ಟಗೆ ನಡೆದ್ಲು! ಭಯಕ್ಕೆ ಹೀಗೇ ಮಾಡ್ತವೆ ಅಂತ ಡಾಕ್ಟರೇ ಹೇಳಿದ್ರು. ಮನೇಲಿ ಅವಳು ಹಾಲ್‌ನಿಂದ ಅಡುಗೆಮನೆಗೆ ನಡೆಯೋದನ್ನ ಪಕ್ಕದಿಂದ, ಎದುರಿಂದ ಎರಡೂ ಕಡೆ ವಿಡಿಯೋ ಮಾಡಿಟ್ಟಿದ್ದೆ, ಸೋಫಾದಿಂದ ಇಳಿಯೋದೂ ಇತ್ತು. ಡಾಕ್ಟರ್ ಅದನ್ನ ಸ್ಲೋ ಮಾಡಿ ಮತ್ತೆ ಮತ್ತೆ ನೋಡಿದ್ರು, ಎಡಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳೋದನ್ನ ತೋರಿಸಿದ್ರು. ನಂಗೆ ಅದು ಕಂಡೇ ಇರ್ಲಿಲ್ಲ.

ಅವರು ಕೇಳಿದ ಪ್ರಶ್ನೆಗಳೂ ನೆನಪಿಟ್ಟುಕೊಳ್ಳೋ ಹಾಗಿದ್ವು. ಬೇರೆ ಬೆಕ್ಕಿನ ಜೊತೆ ಜಗಳ ಆಗಿದ್ಯಾ? ಬೆಕ್ಕಿನ ಹಲ್ಲು ಸೂಜಿ ಥರ, ಕಚ್ಚಿದ ತೂತು ಮೇಲೆ ಬೇಗ ಮುಚ್ಚಿಹೋಗಿ ಒಳಗೆ ಕೀವು ತುಂಬತ್ತೆ, ಎರಡು ಮೂರು ದಿನ ಬಿಟ್ಟು ಜ್ವರ ಬಂದು ಕುಂಟೋಕೆ ಶುರು ಮಾಡ್ತವೆ. ಕಾಜುಗೆ ಜ್ವರ ಇರ್ಲಿಲ್ಲ, 101ರ ಆಸುಪಾಸು, ಬೆಕ್ಕಿಗೆ ಅದು ನಾರ್ಮಲ್. ಕಿಟಕಿಯಿಂದ ಬಿದ್ದಿದ್ದಾಳಾ? ಮುಂಬೈಯಲ್ಲಿ ಈ ಪ್ರಶ್ನೆ ಮೊದಲೇ ಬರತ್ತಂತೆ, ಗ್ರಿಲ್ ಇದೆ ಅಂತ ನಂಬಿಕೊಂಡಿರ್ತೀವಿ, ಸರಳಿನ ಸಂದಿಯಲ್ಲಿ ಬೆಕ್ಕು ಆರಾಮಾಗಿ ನುಗ್ಗತ್ತೆ. ನಮ್ಮಲ್ಲಿ ಪಾರಿವಾಳದ ನೆಟ್ ಇದೆ. ಇನ್ನೊಂದು ವಿಷಯ ಅವರೇ ಎಚ್ಚರಿಸಿದ್ದು: ಹಿಂಗಾಲು ಎರಡೂ ಇದ್ದಕ್ಕಿದ್ದ ಹಾಗೆ ಸೋತು, ಪಾದ ತಣ್ಣಗಾಗಿ, ಬೆಕ್ಕು ಕಿರುಚ್ತಾ ಇದ್ರೆ ಅದು ಕುಂಟೋದಲ್ಲ, ಹೃದಯದಿಂದ ಬಂದ ರಕ್ತದ ಗಡ್ಡೆ ಕಾಲಿನ ರಕ್ತನಾಳ ಮುಚ್ಚಿರೋದು, ಆಗ ಒಂದು ನಿಮಿಷಾನೂ ಕಾಯಬಾರದು. ನಾನಂತೂ ಆವತ್ತಿಂದ ಪರೇಲ್‌ನಲ್ಲಿರೋ ಪ್ರಾಣಿಗಳ ಆಸ್ಪತ್ರೆ, ಬೈಲ್-ಘೋಡಾ ಆಸ್ಪತ್ರೆ ಅಂತಾರಲ್ಲ, ಅದರ ನಂಬರ್ ಫ್ರಿಜ್ ಮೇಲೆ ಅಂಟಿಸಿದೀನಿ. ರಿಕ್ಷಾ ಸಾಯನ್ ದಾಟಿ ಹೋಗಲ್ಲ, ಹಾಗಾಗಿ ಟ್ಯಾಕ್ಸಿಯವರ ನಂಬರೂ ಪಕ್ಕದಲ್ಲೇ ಇದೆ.

ಎಕ್ಸ್‌ರೇ ಕ್ಲೀನ್ ಬಂತು. ಮೂಳೆ ಸರಿ ಇದೆ, ಮೊಣಕೈ ಕೀಲೂ ಸರಿ ಇದೆ. ಭುಜದ ಸ್ನಾಯು ಉಳುಕಿರಬಹುದು ಅಂದ್ರು, ಖಚಿತ ಇಲ್ಲ. ತೂಕ ನೋಡಿ ನೋವಿಗೆ ಮೆಲಾಕ್ಸಿಕಾಮ್ ಅನ್ನೋ ಔಷಧಿ ಹನಿ ಕೊಟ್ರು, ಅದೂ ಕೆಲವೇ ದಿನ, ಊಟ ಮಾಡಿದ್ರೆ ಮಾತ್ರ, ನೀರು ಕುಡೀತಾ ಇದ್ರೆ ಮಾತ್ರ, ಯಾಕಂದ್ರೆ ಕಿಡ್ನಿಗೆ ಏಟು ಬೀಳತ್ತೆ. ಜೊತೆಗೆ ವಿಶ್ರಾಂತಿ, ಹಾರೋ ಹಾಗಿಲ್ಲ. ಒನ್ ಬಿಎಚ್‌ಕೆ ಮನೇಲಿ ಬೆಕ್ಕನ್ನ ಹಾರದ ಹಾಗೆ ಇಡೋದು ಅಂದ್ರೆ ಏನು ಹೇಳ್ಲಿ, ಮೇಲಿನ ಮನೆಯವರ ನಾಯಿ ಬೋನು ಇಸ್ಕೊಂಡು ಬಂದು ಒಳಗೆ ಅವಳ ಹಾಸಿಗೆ, ಅಂಚು ಕಡಿಮೆ ಇರೋ ಲಿಟರ್ ಟ್ರೇ ಇಟ್ವಿ, ರಾತ್ರಿಯೆಲ್ಲ ಕೂಗಿದ್ಲು, ನಾನೂ ಅಲ್ಲೇ ಪಕ್ಕದಲ್ಲಿ ಚಾಪೆ ಹಾಕಿ ಮಲಗಿದೆ.

ಕುಂಟೋದು ನಿಂತಿತು. ಆಮೇಲೆ ಗಣಪತಿ ಹಬ್ಬದ ಗದ್ದಲದಲ್ಲಿ ಮತ್ತೆ ಒಂದಿನ ಸ್ವಲ್ಪ ಬಂತು, ಸಂಜೆಗೆ ಹೋಯ್ತು. ತಾರೀಖು, ಎಷ್ಟು ಹೊತ್ತು, ಅದಕ್ಕೆ ಮುಂಚೆ ಎಲ್ಲಿಂದ ಹಾರಿದ್ಲು, ಎಲ್ಲ ಬರೆದಿಟ್ಟಿದೀನಿ, ವಿಡಿಯೋನೂ ಇದೆ. ಇನ್ನೊಂದು ಸಲ ಬಂದ್ರೆ ಮತ್ತೆ ಎಕ್ಸ್‌ರೇ, ಈ ಸಲ ಭುಜಕ್ಕೆ ಬೇರೆ ಕೋನದಿಂದ, ಅಂತ ಡಾಕ್ಟರ್ ಹೇಳಿದಾರೆ.