ಜಪಾನ್‌ಗೆ ಹೊರಟಿರುವ ಜೂನಿಯರ್‌ಗಳಿಗೆ: ನಮ್ಮ ಐದು ದಿನದ ಸುತ್ತಾಟ

ಕಳೆದ ನವೆಂಬರ್‌ನಲ್ಲಿ ನಮ್ಮ ಕಾಲೇಜಿನಿಂದ 22 ಮಂದಿ ವಿದ್ಯಾರ್ಥಿಗಳು, ಇಬ್ಬರು ಲೆಕ್ಚರರ್‌ಗಳು ಜಪಾನ್‌ಗೆ ಹೋಗಿ ಬಂದೆವು. ಮೊದಲ ಮೂರು ದಿನ ಟೋಕಿಯೊದಲ್ಲಿ ಲ್ಯಾಬ್‌ಗಳ ಭೇಟಿ. ಆಮೇಲಿನ ಐದು ದಿನ ಊರು ನೋಡಲು. ಈ ಸಲ ಹೊರಟಿರುವ ಜೂನಿಯರ್‌ಗಳು ದಿನಾ ಏನಾದರೂ ಕೇಳುತ್ತಿದ್ದಾರೆ. ಊಟ ಸಿಗುತ್ತಾ, ದುಡ್ಡು ಎಷ್ಟು ಬೇಕು, ಎಲ್ಲೆಲ್ಲಿ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಒಂದು ಮಾತು. ಹೊರಡುವ ಮುಂಚೆ ಕಟಕಾನ ಕಲಿಯಿರಿ. ಜಪಾನಿನವರು ಹೊರಗಿನ ಭಾಷೆಯಿಂದ ಬಂದ ಪದಗಳನ್ನು ಬರೆಯುವ ಅಕ್ಷರಗಳು ಇವು. ಮೂಲ ಅಕ್ಷರ 46 ಮಾತ್ರ. ಕನ್ನಡ ಬಲ್ಲವರಿಗೆ ಇದು ನಿಜಕ್ಕೂ ಸುಲಭ. ಅವರ ವರ್ಣಮಾಲೆ ಅ ಇ ಉ ಎ ಒ ಅಂತ ಶುರುವಾಗುತ್ತದೆ. ಆಮೇಲೆ ಕ ಕಿ ಕು ಕೆ ಕೊ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ ಅಂತ ಹೋಗುತ್ತವೆ. ಕೇಳಿದಂತೆ ಅನಿಸುತ್ತಲ್ವಾ? ಬೌದ್ಧ ಧರ್ಮದ ಜೊತೆ ನಮ್ಮ ಕಡೆಯ ಸಿದ್ಧಂ ಲಿಪಿಯೂ ಅಲ್ಲಿಗೆ ಹೋಯಿತು. ಅದನ್ನು ಓದಿದ ಭಿಕ್ಷುಗಳಿಂದ ಈ ಕ್ರಮ ಬಂತು. ನಾನು ರಾತ್ರಿ ಅರ್ಧ ಗಂಟೆಯಂತೆ ಎರಡು ವಾರ ಕೂತೆ, ಅಷ್ಟೇ. ಟೋಕಿಯೊದಲ್ಲಿ ಇಳಿದ ದಿನವೇ 'ತೊಇರೆ' ಅಂದರೆ ಟಾಯ್ಲೆಟ್, 'ಹೊತೆರು' ಅಂದರೆ ಹೋಟೆಲ್, 'ಕರೇ' ಅಂದರೆ ಅನ್ನದ ಜೊತೆ ಕೊಡುವ ಕರಿ ಅಂತ ಬೋರ್ಡ್ ಓದಿಕೊಂಡೇ ತಿಳಿಯಿತು. ಫೋನ್ ಕ್ಯಾಮರಾ ಹಿಡಿದು ಅನುವಾದ ಮಾಡಿಸಬಹುದು, ನಿಜ. ಆದರೆ ಅಂಗಡಿಯ ಹೆಸರನ್ನು ನೀವೇ ಓದಿದಾಗ ಆ ಬೀದಿ ಸ್ವಲ್ಪ ನಿಮ್ಮದಾಗುತ್ತದೆ.

ಮಾತಿನಲ್ಲೂ ಹಾಗೇ. 'ನಿಕು ತೊ ಸಕಾನ ವ ತಾಬೆಮಸೆನ್' ಅಂದರೆ ಮಾಂಸ ಮತ್ತು ಮೀನು ತಿನ್ನಲ್ಲ ಅಂತ. ಪದಗಳು ಕನ್ನಡದ ಸಾಲಿನಲ್ಲೇ ಬರುತ್ತವೆ, ಕ್ರಿಯಾಪದ ಕೊನೆಯಲ್ಲಿ. ಸಸ್ಯಾಹಾರಿಗಳು ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಅದಕ್ಕೆ 'ಸಕಾನ ನೊ ದಾಶಿ ಮೊ ದಾಮೆ ದೆಸು' ಅಂತ ಸೇರಿಸಿ. ಮೀನಿನ ಸಾರೂ ಬೇಡ ಅಂತ ಅರ್ಥ.

ಈ ಎರಡನೇ ವಾಕ್ಯ ಯಾಕೆ ಬೇಕು ಅಂತ ನಮಗೆ ತಡವಾಗಿ ಗೊತ್ತಾಯಿತು. ನಮ್ಮಲ್ಲಿ ಒಂಬತ್ತು ಜನ ಸಸ್ಯಾಹಾರಿಗಳು. ಒಂದು ಹೋಟೆಲಿನಲ್ಲಿ ಮೊದಲೇ ಹೇಳಿಟ್ಟು, ತರಕಾರಿ ಉದೊನ್ (ಸಾರಿನಲ್ಲಿ ಹಾಕಿದ ದಪ್ಪ ಗೋಧಿ ನೂಡಲ್ಸ್) ತರಿಸಿಕೊಂಡೆವು. ಮೇಲೆ ಬರೀ ತರಕಾರಿ. ಅರ್ಧ ತಿಂದ ಮೇಲೆ ಮೇಡಂ ಕೇಳಿದರು, ಸಾರು ಯಾವುದರದ್ದು ಅಂತ. ಒಣಗಿಸಿ ಹೊಗೆ ಹಾಕಿದ ಮೀನಿನದು. ಅದೇ ದಾಶಿ. ಮಿಸೊ ಸೂಪ್, ಉದೊನ್, ಸೊಬಾ ನೂಡಲ್ಸ್, ಸಾಸ್ ಎಲ್ಲದರಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ಅವರ ಮಟ್ಟಿಗೆ ಅದು ನಮ್ಮ ಒಗ್ಗರಣೆ ಇದ್ದ ಹಾಗೆ, ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಯಾರೂ ಮೋಸ ಮಾಡಿದ್ದಲ್ಲ. ಆದರೂ ಒಬ್ಬ ಗೆಳತಿ ಆ ದಿನವೆಲ್ಲ ಏನೂ ತಿನ್ನಲಿಲ್ಲ. ನೀವು ಪಾತ್ರೆ ನೋಡಿ ನಂಬಬೇಡಿ, ಸಾರಿನ ಬಗ್ಗೆ ಕೇಳಿ.

ಹಾಗಂತ ಹಸಿದುಕೊಂಡು ಇರಬೇಕಿಲ್ಲ. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳು ಬೀದಿಗೊಂದು ಇವೆ. ಅಲ್ಲಿ ಅನ್ನದ ಉಂಡೆ ಸಿಗುತ್ತದೆ, ಒನಿಗಿರಿ ಅಂತ. ಒಳಗೆ 'ಉಮೆ' ಇದ್ದರೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು. ನಮ್ಮ ಉಪ್ಪಿನಕಾಯಿ ಅನ್ನವೇ ಸರಿ! ಅದರಲ್ಲೂ ಕೆಲವಕ್ಕೆ ದಾಶಿ ಸೇರಿಸಿರುತ್ತಾರೆ, ಲೇಬಲ್ ಮೇಲೆ ಒಮ್ಮೆ ಕ್ಯಾಮರಾ ಹಿಡಿಯಿರಿ. ಕೊಕೊ ಇಚಿಬಾನ್ಯಾ ಅನ್ನುವ ಕರಿ ಹೋಟೆಲಿನ ಹಲವು ಶಾಖೆಗಳಲ್ಲಿ ಸಸ್ಯಾಹಾರಿ ಕರಿ ಇದೆ. ಕ್ಯೋಟೊದಲ್ಲಿ ದುಡ್ಡು ಸ್ವಲ್ಪ ಜಾಸ್ತಿಯಾದರೂ ಒಂದು ಹೊತ್ತು ಶೋಜಿನ್ ರ್ಯೋರಿ ಊಟ ಮಾಡಿ. ಬೌದ್ಧ ಮಠಗಳ ಅಡುಗೆ ಅದು. ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನಿಂದ ಮಾಡಿದ ತೋಫುವಿನ ರುಚಿ ನನಗಿನ್ನೂ ನಾಲಿಗೆಯ ಮೇಲಿದೆ.

ಮನೆಯಿಂದ ಚಟ್ನಿಪುಡಿ, ತೆಳು ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯಿರಿ. ರೂಮಿನಲ್ಲಿ ಕೆಟಲ್ ಇತ್ತು, ರಾತ್ರಿ ಎಷ್ಟೋ ಸಲ ಅದೇ ಊಟ. ಹಸಿ ಕರಿಬೇವು, ಹಣ್ಣು, ಮಾಂಸದ ಯಾವ ಪದಾರ್ಥವನ್ನೂ ಬ್ಯಾಗಿನಲ್ಲಿ ಇಡಬೇಡಿ. ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ನಲ್ಲಿ ನೀರು ಕುಡಿಯಬಹುದು. ಬಾಟಲಿ ಇದ್ದರೆ ಸಾಕು.

ಇನ್ನು ಸಣ್ಣಪುಟ್ಟ ತಯಾರಿ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ. 'ವಿಸಿಟ್ ಜಪಾನ್ ವೆಬ್' ಅನ್ನುವ ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲಿ ವಿವರ ಮೊದಲೇ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ, ಇಳಿದ ಮೇಲೆ ಸಮಯ ಉಳಿಯುತ್ತದೆ. ಅಲ್ಲಿ 100 ವೋಲ್ಟ್ ಕರೆಂಟು, ಚಪ್ಪಟೆ ಎರಡು ಕಾಲಿನ ಪ್ಲಗ್ಗು. ನಮ್ಮ ದುಂಡು ಪಿನ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ನಾವು ಹೋದಾಗ 100 ಯೆನ್‌ಗೆ 55ರಿಂದ 60 ರೂಪಾಯಿಯ ಆಸುಪಾಸು ಇತ್ತು. ಫಾರೆಕ್ಸ್ ಕಾರ್ಡ್ ಸಾಕು ಅಂದುಕೊಳ್ಳಬೇಡಿ. ದೇವಸ್ಥಾನದ ಟಿಕೆಟ್, ಸಣ್ಣ ಅಂಗಡಿ, ಲಾಕರ್‌ಗೆ ನಗದು, ಅದರಲ್ಲೂ ಚಿಲ್ಲರೆ ಬೇಕಾಗುತ್ತದೆ. ನಾಣ್ಯಕ್ಕೆ ಅಂತಲೇ ಒಂದು ಪರ್ಸ್ ಇರಲಿ. ಕಸದ ಡಬ್ಬಿ ಬೀದಿಯಲ್ಲಿ ಸಿಗುವುದು ಅಪರೂಪ. ಒಂದು ಕವರ್ ಜೇಬಲ್ಲಿಟ್ಟುಕೊಂಡು, ಕಸವನ್ನು ರೂಮಿಗೇ ತನ್ನಿ.

ಟೋಕಿಯೊದಲ್ಲಿ ನಮ್ಮ ತಪ್ಪು ಏನು ಅಂದರೆ 24 ಜನ ಒಟ್ಟಿಗೆ ಓಡಾಡಿದ್ದು. ಶಿಂಜುಕು ಸ್ಟೇಷನ್‌ನಲ್ಲಿ ಹೊರಗೆ ಹೋಗಲು 200ಕ್ಕೂ ಹೆಚ್ಚು ದಾರಿಗಳಿವೆ. ಇಬ್ಬರು ಬೇರೆ ಬಾಗಿಲಿಂದ ಹೊರಗೆ ಹೋದರು. ಅವರನ್ನು ಹುಡುಕಿ ಸೇರಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಸರ್ ಮುಖ ಬೆವೆತಿತ್ತು. ಮರುದಿನ ನಾಲ್ಕೈದು ಜನರ ತಂಡ ಮಾಡಿದೆವು. ಪ್ರತಿ ತಂಡದಲ್ಲಿ ಇಂಟರ್ನೆಟ್ ಇರುವ ಎರಡು ಫೋನ್, ಸೇರುವ ಜಾಗ ಮತ್ತು ಹೊರಹೋಗುವ ಬಾಗಿಲಿನ ನಂಬರ್ ಮೊದಲೇ ಗೊತ್ತು. ಆಮೇಲೆ ತೊಂದರೆಯೇ ಆಗಲಿಲ್ಲ. ಎಲ್ಲರೂ ಸುಯಿಕಾ ಕಾರ್ಡ್ ಮಾಡಿಸಿಕೊಳ್ಳಿ, ಮೊದಲೇ ದುಡ್ಡು ತುಂಬಿಡುವ ಕಾರ್ಡ್ ಅದು. ರೈಲು, ಬಸ್ಸು, ಅಂಗಡಿ ಹೀಗೆ ಬಹಳಷ್ಟು ಕಡೆ ನಡೆಯುತ್ತದೆ. ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ, ಗುಂಪಿನಲ್ಲಿ ಜೋರಾಗಿ ನಗಬೇಡಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಡೀ ಬೋಗಿ ಸುಮ್ನೆ ಇರುವಾಗ ನಮಗೇ ಅರಿವಾಗುತ್ತದೆ.

ನವೆಂಬರ್‌ಗೆ ಹೋಗುವವರು ಇದನ್ನು ಗಮನಿಸಿ: ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬಹಳಷ್ಟು ದೇವಸ್ಥಾನಗಳು ಐದಕ್ಕೆ ಮುಚ್ಚುತ್ತವೆ. ಬೆಳಗ್ಗೆ ಏಳಕ್ಕೆ ಹೊರಡದಿದ್ದರೆ ದಿನ ಕೈಗೆ ಸಿಗುವುದಿಲ್ಲ. ಅಸಾಕುಸದ ಸೆನ್ಸೋಜಿ ದೇವಸ್ಥಾನವನ್ನು ಬೆಳಗ್ಗೆ ನೋಡಿ, ಮೆಯಿಜಿ ಜಿಂಗುವಿನ ಕಾಡಿನಲ್ಲಿ ನಡೆಯಿರಿ. 1920ರಲ್ಲಿ ಕಟ್ಟಿದ ಗುಡಿ ಅದು. ಸುತ್ತಲಿನ ಕಾಡನ್ನು ಜನ ದೇಶದ ಮೂಲೆಮೂಲೆಯಿಂದ ಕೊಟ್ಟ ಸುಮಾರು ಒಂದು ಲಕ್ಷ ಗಿಡ ನೆಟ್ಟು ಬೆಳೆಸಿದ್ದಾರೆ. ಎತ್ತರದಿಂದ ಊರು ನೋಡಬೇಕಾದರೆ ಸ್ಕೈಟ್ರೀ ಗೋಪುರಕ್ಕೆ ದುಡ್ಡು ಕೊಡಬೇಕಿಲ್ಲ. ಶಿಂಜುಕುವಿನ ಟೋಕಿಯೊ ಸರ್ಕಾರದ ಕಟ್ಟಡದ 45ನೇ ಮಹಡಿಗೆ ಉಚಿತವಾಗಿ ಬಿಡುತ್ತಾರೆ. ಉಳಿದ ಶಾಪಿಂಗ್ ಬೀದಿಗಳ ಬಗ್ಗೆ ನಾನು ಹೇಳುವುದು ಬೇಕಿಲ್ಲ, ನೀವೇ ಹೋಗುತ್ತೀರಿ.

ಕ್ಯೋಟೊಗೆ ಶಿಂಕಾನ್ಸೆನ್‌ನಲ್ಲಿ, ಅಂದರೆ ಬುಲೆಟ್ ರೈಲಿನಲ್ಲಿ ಹೋದೆವು. ಅದರಲ್ಲಿ ಅತಿ ವೇಗದ ನೊಝೊಮಿ ರೈಲಿಗೆ ಎರಡೂಕಾಲು ಗಂಟೆ. ಸೀಟು ಕಾದಿರಿಸುವಾಗ 'ಇ' ಸೀಟು ಕೇಳಿ. ಬಲಗಡೆಯ ಕಿಟಕಿ ಅದು. ಹೊರಟು ಮುಕ್ಕಾಲು ಗಂಟೆಗೆ, ಮೋಡ ಇಲ್ಲದಿದ್ದರೆ, ಫ್ಯೂಜಿ ಕಾಣಿಸುತ್ತದೆ. ನಮಗೆ ಕಾಣಿಸಿತು. ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರುವ ಸೂಟ್‌ಕೇಸಿಗೆ ಜಾಗ ಇರುವ ಸೀಟನ್ನೇ ಮೊದಲೇ ಕಾದಿರಿಸಬೇಕು. ದೇಶದೆಲ್ಲೆಡೆ ರೈಲಿನಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಜೆಆರ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 50,000 ಯೆನ್ ಆಯಿತು. ಟೋಕಿಯೊ-ಕ್ಯೋಟೊ ಒಂದು ಕಡೆಗೆ ಸುಮಾರು 14,000. ಬರೀ ಹೋಗಿ ಬರುವುದಾದರೆ ಪಾಸ್ ನಷ್ಟ. ಸಾಧ್ಯವಾದರೆ ಟೋಕಿಯೊದಲ್ಲಿ ಇಳಿದು ಒಸಾಕದಿಂದ ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಿಸಿ. ನಾವು ವಾಪಸ್ ನರಿತಾಗೇ ಬರಬೇಕಿತ್ತು, ಒಂದು ಅರ್ಧ ದಿನವೂ ಅಷ್ಟು ದುಡ್ಡೂ ಹೋಯಿತು.

ಕ್ಯೋಟೊದಲ್ಲಿ ಫುಶಿಮಿ ಇನಾರಿ ಗುಡಿ ರಾತ್ರಿ ಹಗಲು ತೆರೆದಿರುತ್ತದೆ, ಟಿಕೆಟ್ ಇಲ್ಲ. ನಾವು ಬೆಳಗ್ಗೆ ಆರೂವರೆಗೆ ಅಲ್ಲಿದ್ದೆವು. ಸಾವಿರಾರು ಕೆಂಪು ತೋರಿಗಳ (ಗುಡಿಯ ಕಮಾನು ಬಾಗಿಲುಗಳ) ಕೆಳಗೆ ಬೆಟ್ಟ ಹತ್ತುವಾಗ ನಮ್ಮ ಹೆಜ್ಜೆ ಸದ್ದು ಬಿಟ್ಟರೆ ಏನೂ ಇಲ್ಲ. ಇಳಿಯುವಾಗ ಒಂಬತ್ತು ಗಂಟೆ, ಕೆಳಗೆ ಕಾಲಿಡಲು ಜಾಗ ಇರಲಿಲ್ಲ. ಕೆಳಗಿನ ಇನಾರಿ ಸ್ಟೇಷನ್ ನಾರಾ ಮಾರ್ಗದಲ್ಲೇ ಇದೆ. ಅಲ್ಲಿಂದಲೇ ಲೋಕಲ್ ರೈಲು ಹತ್ತಿ ನಾರಾಗೆ ಹೋಗಿ, ವಾಪಸ್ ಕ್ಯೋಟೊ ಪೇಟೆಗೆ ಬಂದು ಹೋಗಬೇಕಿಲ್ಲ.

ನಾರಾದಲ್ಲಿ ಎಲ್ಲರೂ ಜಿಂಕೆಗೆ ಮುಗಿಬೀಳುತ್ತಾರೆ. ಸಾವಿರಕ್ಕೂ ಹೆಚ್ಚು ಜಿಂಕೆ ಬೀದಿಯಲ್ಲೇ ಓಡಾಡುತ್ತವೆ. ಅಲ್ಲೇ ಮಾರುವ ಬಿಸ್ಕತ್ತು ಬಿಟ್ಟು ಬೇರೇನೂ ಕೊಡಬೇಡಿ. ಕೈಯಲ್ಲಿ ಕಾಗದ ಹಿಡಿಯಬೇಡಿ, ತಿಂದುಬಿಡುತ್ತವೆ. ಆದರೆ ಜಿಂಕೆಯ ಹತ್ತಿರವೇ ಸಮಯ ಕಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ತೋದೈಜಿ ಅನ್ನುವ ಬೌದ್ಧ ದೇವಸ್ಥಾನಕ್ಕೆ ಹೋಗಿ. ಅಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕೂತಿದ್ದಾನೆ. 752ರಲ್ಲಿ ಈ ವಿಗ್ರಹಕ್ಕೆ ಕಣ್ಣು ತೆರೆಸಿದವರು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಆ ದಾರ ಹಿಡಿದು ನಿಂತಿದ್ದರಂತೆ, ತಾವೂ ಕಣ್ಣು ತೆರೆಸಿದ ಹಾಗೆ ಆಗಲಿ ಅಂತ. ನಮ್ಮೂರಲ್ಲಿ ಹೊಸ ಗುಡಿಗೆ ವಿಗ್ರಹ ತಂದಾಗ ಕೊನೆಗೆ ಶಿಲ್ಪಿ ಕಣ್ಣು ತೆರೆಸುತ್ತಾರಲ್ಲ, ಅದನ್ನು ನಾನು ಚಿಕ್ಕವಳಿದ್ದಾಗ ಅಜ್ಜನ ಹೆಗಲ ಮೇಲಿಂದ ನೋಡಿದ್ದೆ. ಅದೇ ಶಾಸ್ತ್ರ, ಅಷ್ಟು ದೂರದಲ್ಲಿ, ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ. ಪಟ್ಟಿಯಲ್ಲಿ ಅಲ್ಲಿಗೆ 40 ನಿಮಿಷ ಬರೆದಿತ್ತು. ನಾನೂ ಇನ್ನು ಮೂವರೂ ಸರ್ ಹತ್ತಿರ ಕೇಳಿಕೊಂಡು ಎರಡು ಗಂಟೆ ಅಲ್ಲೇ ಉಳಿದೆವು. ಬೇರೆಯವರು ನೋಡಿದ ಇನ್ನೆರಡು ಜಾಗ ನಮಗೆ ತಪ್ಪಿತು. ಈಗಲೂ ಬೇಸರವಿಲ್ಲ.

ಹಿರೋಶಿಮಾಗೆ ಕೊನೆಯ ಪೂರ್ತಿ ದಿನ ಇಟ್ಟಿದ್ದೆವು. ಕ್ಯೋಟೊ ಕಡೆಯಿಂದ ಹೋಗುವವರು ಕನ್ಸಾಯಿ-ಹಿರೋಶಿಮಾ ರೈಲು ಪಾಸ್ ನೋಡಿ. ಐದು ದಿನ ನಡೆಯುತ್ತದೆ, ನಾವು ಕೊಂಡಾಗ 17,000 ಯೆನ್. ಅದರಲ್ಲಿ ಶಿಂಕಾನ್ಸೆನ್ ಹತ್ತುವುದು ಶಿನ್-ಒಸಾಕದಿಂದ, ಅಲ್ಲಿವರೆಗೆ ಮಾಮೂಲಿ ರೈಲು. ಶಾಂತಿ ಸ್ಮಾರಕ ಮ್ಯೂಸಿಯಂನ ಟಿಕೆಟ್ ಬರೀ 200 ಯೆನ್. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ತುಂಬಾ ನೂಕುನುಗ್ಗಲು. ಒಳಗೆ 8:15ಕ್ಕೆ ನಿಂತ ಗಡಿಯಾರ ಇದೆ. ಕರಕಲಾದ ಊಟದ ಡಬ್ಬಿ ಇದೆ. ಒಂದು ಮೂರು ಚಕ್ರದ ಸೈಕಲ್ ಇದೆ, ಮೂರು ವರ್ಷದ ಮಗುವಿನದು. 1945ರ ಆಗಸ್ಟ್ 6ರ ಬೆಳಗ್ಗೆ ಊರಲ್ಲಿ ಮನೆ ಕೆಡವುವ ಕೆಲಸಕ್ಕೆ ಬಂದಿದ್ದ ಶಾಲೆಯ ಮಕ್ಕಳ ಬಟ್ಟೆಗಳಿವೆ. ಹನ್ನೆರಡು, ಹದಿಮೂರು ವರ್ಷದವರು. ನನ್ನ ತಮ್ಮನ ವಯಸ್ಸು.

ಹೊರಗೆ ಸದಾಕೊ ಸಾಸಾಕಿಯ ನೆನಪಿನ ಮಕ್ಕಳ ಸ್ಮಾರಕ ಇದೆ. ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹನ್ನೆರಡು. ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಚುತ್ತಿದ್ದಳು. ನೀವು ಹೋಗುವಾಗ ಕೊಕ್ಕರೆ ಮಡಚಿಕೊಂಡು ಹೋಗಿ. ಅಲ್ಲಿ ಇಡಲು ಜಾಗ ಇದೆ. ನಾವು ಬರಿಗೈಯಲ್ಲಿ ಹೋಗಿದ್ದೆವು, ನಮ್ಮ ಮೇಡಂ ಮ್ಯೂಸಿಯಂನಲ್ಲಿ ಕೊಟ್ಟ ಕಾಗದದಲ್ಲೇ ಬೆಂಚಿನ ಮೇಲೆ ಕೂತು ಒಂದನ್ನು ಮಡಚಿ ಇಟ್ಟರು.

ಆ ದಿನಕ್ಕೆ ಬೇರೇನನ್ನೂ ಸೇರಿಸಬೇಡಿ. ನಮ್ಮ ಪಟ್ಟಿಯಲ್ಲಿ ಸಂಜೆಗೆ ಒಸಾಕದ ದೋತೊನ್‌ಬೊರಿಯಲ್ಲಿ ಶಾಪಿಂಗ್ ಇತ್ತು. ರೈಲು ಒಸಾಕ ತಲುಪಿದಾಗ ಸರ್ ಎದ್ದು ನಿಂತು ನಮ್ಮ ಕಡೆ ನೋಡಿದರು. ಯಾರೂ ಏನೂ ಹೇಳಲಿಲ್ಲ. ಸೀದಾ ರೂಮಿಗೆ ಹೋದೆವು.