ಜಲ ಮಂಜಿಲ್‌ನಲ್ಲಿ ನೀರಿನ ಗುರುತು

ವಿಜಯಪುರದಲ್ಲಿ ಸಾತ್ ಮಂಜಿಲ್ ಅನ್ನುವ ಹಳೆಯ ಅರಮನೆಯ ಎದುರಿಗೆ ಜಲ ಮಂಜಿಲ್ ಅಂತ ಒಂದು ಪುಟ್ಟ ಮಂಟಪ ಇದೆ. ಕೆತ್ತನೆ ನೋಡಿದರೆ ಕಲ್ಲೋ ಕಸೂತಿಯೋ ಅನ್ನಿಸುತ್ತದೆ. ಸುತ್ತ ನೀರು ನಿಲ್ಲಲಿ ಅಂತಲೇ ಅದನ್ನು ಕಟ್ಟಿದ್ದು. ಈಗ ಸುತ್ತಲೂ ಒಣ ನೆಲ, ಪಕ್ಕದಲ್ಲೇ ಗಾಡಿಗಳ ಓಡಾಟ.

ಮೊನ್ನೆ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ಅಲ್ಲಿ ನಿಂತು ಕೇಳಿದ, "ಕಾಕಾ, ಜಲ ಮಂಜಿಲ್ ಅಂತಾರ, ನೀರ ಎಲ್ಲಿ ಐತಿ?" ಬಾಯಲ್ಲಿ ಹೇಳಿದರೆ ಅವನಿಗೆ ತಿಳಿಯುವ ಹಾಗಿರಲಿಲ್ಲ. ನೀರಿನ ನಡುವೆ ನಿಂತ ಗುಡಿಯನ್ನೇ ತೋರಿಸೋಣ ಅಂತ ಮರುದಿನ ನಸುಕಿನಲ್ಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಇಬ್ಬರೂ ಬಾದಾಮಿ ಹತ್ತಿರದ ಮಹಾಕೂಟಕ್ಕೆ ಹೊರಟೆವು.

ಮಹಾಕೂಟದ ಗುಡಿಗಳು ಚಾಲುಕ್ಯರ ಕಾಲದವು, 6-7ನೇ ಶತಮಾನದವು. ಅಲ್ಲಿದ್ದ ಚಾಲುಕ್ಯ ದೊರೆ ಮಂಗಳೇಶನ ಶಾಸನದ ಕಂಬ ಈಗ ನಮ್ಮೂರಿನ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಕಂಬವನ್ನು ಹೊತ್ತು ತರಬಹುದು, ಸೆಲೆಯನ್ನು ತರಲಿಕ್ಕಾಗುತ್ತದಾ?

ಗುಡಿಗಳ ನಡುವೆ ವಿಷ್ಣು ಪುಷ್ಕರಿಣಿ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಬಂಡೆಯ ಸಂದಿಗಳಲ್ಲಿ ಇಳಿದು ಇಲ್ಲಿ ಸೆಲೆಯಾಗಿ ಹೊರಡುತ್ತದೆ. ಹೊಂಡದೊಳಗೆ ಒಂದು ಸಣ್ಣ ಗುಡಿ, ಅದರಲ್ಲಿ ಪಂಚಮುಖ ಲಿಂಗ. ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಮೇಲಕ್ಕೊಂದು. ಲಿಂಗವನ್ನು ಹತ್ತಿರದಿಂದ ನೋಡಬೇಕಂದರೆ ನೀರಿಗಿಳಿಯಲೇಬೇಕು.

ಇಳಿದೆವು. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕೂಗಿ ಹೇಳಿದರು, "ತಮ್ಮಾ, ಸಾಬಾನ ಹಚ್ಚಬ್ಯಾಡ್ರಿ ಮತ್ತ." ಉರಿಬಿಸಿಲಿನಲ್ಲೂ ನೀರು ತಣ್ಣಗಿತ್ತು. ಹುಡುಗ ಈಜಿ ಗುಡಿಯ ಹತ್ತಿರ ಹೋಗಿ ಕಲ್ಲು ಹಿಡಿದುಕೊಂಡ. ನಾನೂ ಹಿಂದೆಯೇ ಹೋದೆ.

ಅಲ್ಲಿ ಕಂಡದ್ದನ್ನು ಇನ್ನೂ ಮರೆತಿಲ್ಲ. ನೀರಿನ ಮೇಲೆ ಬಿದ್ದ ಬಿಸಿಲು ಪುಟಿದು ಕಲ್ಲಿನ ಮೇಲೆ ಕುಣಿಯುತ್ತಿತ್ತು. ಯಾರಾದರೂ ಧುಮುಕಿದರೆ ಆ ಬೆಳಕು ಜೋರಾಗಿ ಅಲುಗುತ್ತಿತ್ತು, ನೀರು ಶಾಂತವಾದರೆ ಅದೂ ನಿಧಾನವಾಗುತ್ತಿತ್ತು. ಕಲ್ಲಿಗೆ ಜೀವ ಬಂದ ಹಾಗೆ. ಶಿಲ್ಪಿಗೆ ಉಳಿಯಷ್ಟೇ ನೀರೂ ಬೇಕಾಗಿತ್ತು ಅಂತ ನನಗೆ ಅಲ್ಲೇ ಅನ್ನಿಸಿತು. ಹುಡುಗ ಬೇರೆಯದನ್ನೇ ನೋಡುತ್ತಿದ್ದ. ನೀರು ಮುಟ್ಟುವಲ್ಲಿ ಕಲ್ಲಿಗೆ ಒಂದು ಹಸಿರು ಪಟ್ಟಿ, ಅದರ ಮೇಲೆ ಒಣ ಕಲ್ಲು. ಬೆರಳಿಂದ ಅದನ್ನೇ ಸವರುತ್ತಿದ್ದ. "ಪಾಚಿ, ಜಾರತೈತಿ, ಹುಷಾರು" ಅಂದೆ.

ಆಲದ ನೆರಳಲ್ಲಿ ಊಟ ಮಾಡುತ್ತಾ ವಿಜಯಪುರದ ನೀರಿನ ಕಥೆ ಹೇಳಿದೆ. ಆದಿಲ್‌ಶಾಹಿಗಳು ತೊರವಿ ಕಡೆಯಿಂದ ಊರಿಗೆ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಅನ್ನುವ ಕೆರೆ ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ಕೊಳವೆ ಒಡೆಯಬಾರದು ಅಂತ ಒತ್ತಡ ತಗ್ಗಿಸಲು ಅಲ್ಲಲ್ಲಿ ಗಂಜ್ ಅನ್ನುವ ಗೋಪುರಗಳನ್ನು ಕಟ್ಟಿದರು. ಕುಮಟಗಿಯ ಬೇಸಿಗೆ ಅರಮನೆಯಲ್ಲಿ ಕಾರಂಜಿ ಪುಟಿದದ್ದೂ ಮೋಟರಿಲ್ಲದೆ. ಎತ್ತರದಲ್ಲಿ ನೀರು ತುಂಬಿಟ್ಟು, ಕೊಳವೆಯಲ್ಲಿ ಇಳಿಸಿ, ಸಣ್ಣ ಬಾಯಿಂದ ಬಿಟ್ಟರೆ ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ.

ನಾವು ಓಡಾಡುವ ಒಂದು ಸರ್ಕಲ್‌ನಲ್ಲೂ ಕಾರಂಜಿ ಇಟ್ಟಿದ್ದರು. ಕೆಲವೇ ತಿಂಗಳಲ್ಲಿ ಮೋಟರ್ ಕೆಟ್ಟಿತು, ತೊಟ್ಟಿಯ ತುಂಬ ಚಹಾ ಕಪ್ಪುಗಳು. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರಂಜಿ ಕಟ್ಟುವ ಮೊದಲು ನೀರು ಎಲ್ಲಿಂದ ಬರಬೇಕು, ಯಾರು ನೋಡಿಕೊಳ್ಳಬೇಕು ಅಂತ ಗೊತ್ತುಮಾಡಿಕೊಳ್ಳಬೇಕು ಅಲ್ವಾ? ಮಹಾಕೂಟದಲ್ಲಿ ಆ ಅಜ್ಜಿ ಯಾರೂ ಹೇಳದೇನೇ ಹೊಂಡ ಕಾಯುತ್ತಾರೆ.

ಮರುದಿನ ಸಂಜೆ ಹುಡುಗ ತಾನಾಗಿಯೇ ಜಲ ಮಂಜಿಲ್‌ಗೆ ಹೋಗೋಣ ಅಂದ. ಅಲ್ಲಿ ಮಂಟಪದ ಬುಡದಲ್ಲಿ ಬಗ್ಗಿ, ಕಲ್ಲಿನ ಮೇಲೆ ಅಂಗೈ ಆಡಿಸುತ್ತಾ ಸುತ್ತು ಹಾಕತೊಡಗಿದ.

"ಏನ ಹುಡುಕ್ತಿ?"

"ಇಲ್ಲಿ ನೀರ ಎಲ್ಲಿತನಾ ಇತ್ತು ಅಂತ ನೋಡಾಕತ್ತೀನಿ ಕಾಕಾ. ಅಲ್ಲಿ ಹಸರ ಪಟ್ಟಿ ಇತ್ತಲ್ಲ, ಅಂಥದ್ದು."

ನಾನೂ ಆ ಕಡೆಯಿಂದ ಹುಡುಕಲು ಶುರುಮಾಡಿದೆ.